ಓದಿ ಅಂತ ಕೊಟ್ಟ ಪುಸ್ತಕ ವಾಪಸ್ ಬರುತ್ತಿಲ್ಲ, ಕಪಾಟಿಗೆ ಬೀಗ ಹಾಕಲೇ?

ಪ್ರಶ್ನೆ: ನಮಸ್ಕಾರ ಸರ್. ನಾನು ಕುಮಟಾದವಳು, ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆಯಲ್ಲಿ ಸುಮಾರು 400 ಪುಸ್ತಕ ಇದೆ. ಅರ್ಧ ಅಪ್ಪ ಕೂಡಿಟ್ಟದ್ದು, ಅರ್ಧ ನಾನು ಕೊಂಡದ್ದು. ಇಷ್ಟವಾದ ಪುಸ್ತಕವನ್ನು ಇನ್ನೊಬ್ಬರಿಗೆ ಕೊಟ್ಟು ಓದಿಸುವ ಹುಚ್ಚು ನನಗೆ. ಸ್ಟಾಫ್ ರೂಮಿನಲ್ಲಿ, ಅಕ್ಕಪಕ್ಕದಲ್ಲಿ, ನೆಂಟರಲ್ಲಿ ಯಾರಾದರೂ ‘ಒಳ್ಳೇ ಪುಸ್ತಕ ಇದ್ರೆ ಹೇಳಿ’ ಅಂದರೆ ಸಾಕು, ಮರುದಿನವೇ ಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ. ಓದುವವರು ಹತ್ತರಲ್ಲಿ ಇಬ್ಬರು. ಎರಡು ವರ್ಷದಲ್ಲಿ ಕೊಟ್ಟದ್ದರಲ್ಲಿ 23 ಪುಸ್ತಕ ವಾಪಸ್ ಬಂದಿಲ್ಲ. ಅದರಲ್ಲೊಂದು ಅಪ್ಪನ ಸಹಿ ಇರುವ ಹಳೇ ಕಥಾ ಸಂಕಲನ, ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ತೆಗೆದುಕೊಂಡವರು ನಮ್ಮ ಮನೆಗೆ ತುಂಬ ಬೇಕಾದವರು, ಕೇಳಲು ಸಂಕೋಚ. ಬಂದ ಪುಸ್ತಕಗಳಲ್ಲೂ ಕೆಲವು ಮಳೆಗಾಲ ಕಳೆದು ಬೂಷ್ಟು ಹಿಡಿದುಕೊಂಡು ಬಂದವು. ನನ್ನ ಅಣ್ಣನ ಮಗ ಏಳನೇ ಕ್ಲಾಸು. ನಾನು ಏನು ಕೊಟ್ಟರೂ ಮುಟ್ಟುವುದಿಲ್ಲ, ಕಾಮಿಕ್ಸ್ ಮಾತ್ರ ಓದುತ್ತಾನೆ. ‘ಅದು ಓದೋದಲ್ಲ, ಚಿತ್ರ ನೋಡೋದು’ ಅಂತ ಅತ್ತಿಗೆ ಅವನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದ್ದಾರೆ. ಸಹೋದ್ಯೋಗಿಯೊಬ್ಬರು ‘ಪುಸ್ತಕ ಯಾಕೆ ಕೊಡ್ತೀರಿ, ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕಿ’ ಅನ್ನುತ್ತಾರೆ. ನಮ್ಮ ಮನೆಯವರು ‘ಕಪಾಟಿಗೆ ಬೀಗ ಹಾಕು’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಬೀಗದ ವಿಷಯ ಆಮೇಲೆ ನೋಡೋಣ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 23 ಪುಸ್ತಕ ಹೋದವು ಅನ್ನುವುದಕ್ಕಿಂತ ಅವನ್ನು ಯಾರೂ ಓದಲಿಲ್ಲವಲ್ಲ ಅನ್ನುವುದೇ ನಿಮಗೆ ಜಾಸ್ತಿ ಚುಚ್ಚಿದೆ ಅಂತ ಕಾಣುತ್ತದೆ. ಈ ಎರಡು ಬೇಸರದ ಬೇರು ಒಂದೇ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು 31 ವರ್ಷ ಶಿರಸಿ, ಕಾರವಾರದ ಕಡೆ ಗ್ರಂಥಾಲಯಗಳಲ್ಲಿ ಕೌಂಟರಿನ ಹಿಂದೆ ಕೂತವನು. ಪುಸ್ತಕ ವಾಪಸ್ ಕೊಡದವರನ್ನು ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ನಿಜವಾದ ಕಳ್ಳರು ಬೆರಳೆಣಿಕೆಯಷ್ಟು. ಉಳಿದವರದ್ದೆಲ್ಲ ಹೆಚ್ಚುಕಡಿಮೆ ಒಂದೇ ಕಥೆ. ಪುಸ್ತಕ ಒಯ್ದರು, ಓದಲಿಲ್ಲ. ಓದದೇ ವಾಪಸ್ ಕೊಡಲು ನಾಚಿಕೆ. ‘ಹ್ಯಾಗಿತ್ತು?’ ಅಂತ ಕೇಳಿದರೆ ಏನು ಹೇಳುವುದು? ಇನ್ನೊಂದು ವಾರ ಇಟ್ಟುಕೊಂಡು ಓದಿಯೇ ಕೊಡೋಣ ಅಂದುಕೊಂಡರು. ವಾರ ಹೋಗಿ ತಿಂಗಳಾಯಿತು, ತಿಂಗಳು ಹೋಗಿ ವರ್ಷವಾಯಿತು. ಈಗ ಪೇಟೆಯಲ್ಲಿ ನಿಮ್ಮನ್ನು ದೂರದಿಂದ ಕಂಡರೆ ಅವರೇ ಅಂಗಡಿಯೊಳಗೆ ಸರಿದುಕೊಳ್ಳುತ್ತಾರೆ. ಓದಿ ಮುಗಿಸಿದವರು ಹಾಗಲ್ಲ, ಹುಡುಕಿಕೊಂಡು ಬಂದು ಕೊಡುತ್ತಾರೆ. ಅವರಿಗೆ ಅದರ ಬಗ್ಗೆ ಯಾರ ಹತ್ತಿರವಾದರೂ ಮಾತಾಡಬೇಕಿರುತ್ತದೆ.

ಇದು ನನಗೆ ಹೊಳೆದದ್ದು ಕೆಲಸಕ್ಕೆ ಸೇರಿ ಹತ್ತು ವರ್ಷದ ಮೇಲೆ. ಒಂದು ವರ್ಷ ಮಳೆಗಾಲ ಮುಗಿದಾಗ, ‘ಈ ವಾರ ದಂಡ ಇಲ್ಲ, ಪ್ರಶ್ನೆಯೂ ಇಲ್ಲ’ ಅಂತ ರಟ್ಟಿನ ಮೇಲೆ ಬರೆದು ಬಾಗಿಲಿಗೆ ತೂಗು ಹಾಕಿದೆವು. ಪುಸ್ತಕಗಳು ಬರತೊಡಗಿದವು ನೋಡಿ! ಕೆಲವರು ಮಕ್ಕಳ ಕೈಯಲ್ಲಿ ಕಳಿಸಿದರು. ಕೆಲವರು ಕತ್ತಲಾದ ಮೇಲೆ ಬಂದು ಕಿಟಕಿಯಲ್ಲಿ ಇಟ್ಟು ಹೋದರು. ನಿವೃತ್ತ ಗುಮಾಸ್ತರೊಬ್ಬರು ಮೂರು ವರ್ಷದ ಹಿಂದೆ ಒಯ್ದ ಕಾದಂಬರಿಯನ್ನು ಪೇಪರಿನಲ್ಲಿ ಸುತ್ತಿ ತಂದಿದ್ದರು. ಬಿಚ್ಚಿ ನೋಡಿದರೆ ಐವತ್ತನೇ ಪುಟದ ಹತ್ತಿರ ಒಂದು ಬಸ್ ಟಿಕೇಟು. ‘ಅಲ್ಲೀವರೆಗೆ ಆಗಿದೆ’ ಅಂದರು, ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ. ನಾನು ರಿಜಿಸ್ಟರಿನಲ್ಲಿ ಗೀಟು ಹಾಕಿ ‘ಬೇರೆ ಏನಾದ್ರೂ ಬೇಕಾ?’ ಅಂದೆ. ಒಂದು ತೆಳ್ಳಗಿನ ಪ್ರವಾಸ ಕಥನ ತೆಗೆದುಕೊಂಡು ಹೋದರು. ಹತ್ತೇ ದಿನದಲ್ಲಿ ಅದು ವಾಪಸ್ ಬಂತು.

‘ಪುಸ್ತಕಂ ವನಿತಾ ವಿತ್ತಂ ಪರಹಸ್ತಂ ಗತಂ ಗತಮ್’ ಅಂತ ಹಿರಿಯರು ಹೇಳುವುದನ್ನು ನೀವೂ ಕೇಳಿರುತ್ತೀರಿ. ಪರರ ಕೈ ಸೇರಿದ್ದು ಹೋಯಿತು ಅಂತಲೇ ಲೆಕ್ಕ ಅಂತ. ಹೆಂಗಸನ್ನು ದುಡ್ಡಿನ ಸಾಲಿಗೆ ಸೇರಿಸಿದ ಆ ಮಹಾಶಯ ಯಾರೋ, ಅವನ ಕೈಗೂ ನಾನು ಪುಸ್ತಕ ಕೊಡುತ್ತಿರಲಿಲ್ಲ, ಅದು ಬೇರೆ ಮಾತು. ನಾನು ನೋಡಿದ ಮಟ್ಟಿಗೆ ಈ ಗಾದೆ ಅರ್ಧ ಮಾತ್ರ ನಿಜ. ಓದಿಸಿಕೊಂಡ ಪುಸ್ತಕ ತಿರುಗಿ ಬರುತ್ತದೆ. ಓದಿಸಿಕೊಳ್ಳದ್ದು ಅಲ್ಲೇ ಕೂರುತ್ತದೆ. ಹಾಗಾಗಿ ನಿಮ್ಮ 23 ಪುಸ್ತಕದ ಸಮಸ್ಯೆಗೆ ಬೀಗ ಪರಿಹಾರವಲ್ಲ. ಯಾರಿಗೆ ಏನು ಕೊಟ್ಟಿರಿ ಅನ್ನುವುದನ್ನು ನೋಡಬೇಕು.

ಇಲ್ಲಿ ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ. ಕಾರವಾರದಲ್ಲಿದ್ದಾಗ ಬೈತಖೋಲ ಬಂದರಿನಲ್ಲಿ ಬೋಟಿನ ಮೇಲೆ ದುಡಿಯುವ ಒಬ್ಬರು ಹೊಸದಾಗಿ ಬರತೊಡಗಿದರು. ಸಂಕೋಚದ ಮನುಷ್ಯ, ಕಪಾಟಿನ ಹತ್ತಿರ ಹೋಗುತ್ತಿರಲಿಲ್ಲ. ‘ಏನಾದ್ರೂ ಕೊಡಿ’ ಅಂದರು. ನಾನು ಭಾರೀ ಜಾಣನ ಹಾಗೆ, ಮೀನುಗಾರರ ಬದುಕಿನ ಒಂದು ಕಾದಂಬರಿ ತೆಗೆದು ಕೊಟ್ಟೆ. ನನ್ನ ಮೆಚ್ಚಿನದು. ಎರಡೇ ದಿನಕ್ಕೆ ತಂದು ಮೇಜಿನ ಮೇಲಿಟ್ಟರು. ‘ಸಮುದ್ರ ನಾ ದಿನಾ ಕಾಣ್ತೆ. ಬ್ಯಾರೆ ಏನಾದ್ರೂ ಇದ್ರೆ ಕೊಡಿ ಮಾರಾಯ್ರೆ’ ಅಂದರು. ಆಮೇಲೆ ಅವರು ಬಿಡದೆ ಓದಿದ್ದು ಪತ್ತೇದಾರಿ ಮತ್ತು ಹಿಮಾಲಯದ ಯಾತ್ರೆ. ಹಿಮದ ವರ್ಣನೆ ಬಂದರೆ ನನಗೆ ಬಂದು ಹೇಳುತ್ತಿದ್ದರು. ಅವರ ಕೆಲಸ ನೋಡಿ ನಾನು ಪುಸ್ತಕ ಆರಿಸಿದ್ದೆ, ಮನುಷ್ಯನನ್ನು ಏನೂ ಕೇಳಿರಲಿಲ್ಲ.

ನೀವು ಗಣಿತದ ಟೀಚರ್ ಅಂದಿರಲ್ಲ, ಅದಕ್ಕೇ ಇದನ್ನೂ ಹೇಳಬೇಕು ಅನ್ನಿಸಿತು. ನಮ್ಮ ಗ್ರಂಥಾಲಯದವರ ಗುರು ಎಸ್. ಆರ್. ರಂಗನಾಥನ್ ಕೂಡ ಮೊದಲು ಗಣಿತದ ಮೇಷ್ಟ್ರೇ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಮೊದಲ ದಿನಗಳಲ್ಲಿ ಎಷ್ಟು ಬೇಜಾರಾಯಿತೆಂದರೆ, ಪಾಠ ಹೇಳುವ ಕೆಲಸವನ್ನೇ ವಾಪಸ್ ಕೊಡಿ ಅಂತ ಕಾಲೇಜಿಗೆ ಹೋಗಿ ಕೇಳಿದ್ದರಂತೆ. ಸದ್ಯ, ಅದು ನಡೆಯಲಿಲ್ಲ. 1931ರಲ್ಲಿ ಅವರು ಬರೆದ ಐದು ಸೂತ್ರಗಳನ್ನು ಈಗಲೂ ನಮ್ಮ ಕೋರ್ಸಿನಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಅದರಲ್ಲಿ ಎರಡನೆಯದು, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ. ನೀವು ಈಗ ನಡೆಯುತ್ತಿರುವುದು ಮೂರನೆಯದರ ದಾರಿ. ಕೈಯಲ್ಲಿ ಮೆಚ್ಚಿನ ಪುಸ್ತಕ ಹಿಡಿದುಕೊಂಡು ಅದಕ್ಕೆ ಓದುಗರನ್ನು ಹುಡುಕುತ್ತಿದ್ದೀರಿ. ತಪ್ಪೇನಿಲ್ಲ. ಆದರೆ ‘ಒಳ್ಳೇ ಪುಸ್ತಕ ಹೇಳಿ’ ಅಂತ ಬಂದವರಿಗೆ ಬೇಕಾದದ್ದು ಎರಡನೆಯದು.

ಅದಕ್ಕೆ ಕೇಳುವ ಪ್ರಶ್ನೆ ಬದಲಾಗಬೇಕು. ‘ನಿಮಗೆ ಎಂಥಾ ಪುಸ್ತಕ ಇಷ್ಟ?’ ಅಂತ ಕೇಳಿದರೆ ಜನ ದೊಡ್ಡ ದೊಡ್ಡ ಹೆಸರು ಹೇಳುತ್ತಾರೆ. ಅವು ಅವರಿಗೆ ಇಷ್ಟ ಆಗಬೇಕು ಅಂತ ಅಂದುಕೊಂಡಿರುವ ಹೆಸರುಗಳು. ನಾನು ಕೇಳುತ್ತಿದ್ದದ್ದು ಎರಡೇ. ಕಡೇ ಪುಟದವರೆಗೆ ಓದಿ ಮುಗಿಸಿದ್ದು ಯಾವುದು? ಅರ್ಧಕ್ಕೆ ಬಿಟ್ಟದ್ದು ಯಾವುದು? ಎರಡನೆಯ ಪ್ರಶ್ನೆಗೆ ಮೊದಮೊದಲು ತಡವರಿಸುತ್ತಾರೆ. ‘ನಾನೂ ಸುಮಾರು ಬಿಟ್ಟಿದ್ದೇನೆ’ ಅಂದರೆ ಬಾಯಿ ಬಿಡುತ್ತಾರೆ. ಪುಸ್ತಕ ದಪ್ಪ ಆಯಿತೋ, ಅಕ್ಷರ ಸಣ್ಣದಾಯಿತೋ, ಪಾತ್ರಗಳು ಜಾಸ್ತಿಯಾದವೋ, ಸುಮ್ನೆ ದುಃಖದ ಕಥೆ ಸಾಕಾಯಿತೋ ಗೊತ್ತಾಗುತ್ತದೆ. ನಲವತ್ತು ದಾಟಿದವರು ‘ಬೋರ್ ಆಯ್ತು’ ಅಂದರೆ ಎಷ್ಟೋ ಸಲ ಅದು ಕನ್ನಡಕದ ನಂಬರ್ ಬದಲಾದದ್ದು. ನಗಬೇಡಿ, ನಿಜ.

ಏನೂ ಓದಿಲ್ಲ ಅನ್ನುವವರೂ ಇರುತ್ತಾರೆ. ಶಿರಸಿಯಲ್ಲಿ ಅಂಥವರಿಗೆ ನಾನು ಯಕ್ಷಗಾನದ ಪ್ರಶ್ನೆ ಕೇಳುತ್ತಿದ್ದೆ. ಆಟಕ್ಕೆ ಹೋದರೆ ಯಾವ ವೇಷ ಬರುವಾಗ ನಿದ್ದೆ ಹೋಗುತ್ತದೆ, ಯಾವುದು ಬಂದಾಗ ಎದ್ದು ಕೂರುತ್ತೀರಿ ಅಂತ. ತಾಳಮದ್ದಳೆಯ ವಾದ ಕೇಳಲು ಮೈಲಿ ನಡೆದು ಹೋಗುವವರಿಗೆ ಪ್ರಬಂಧ, ಚರಿತ್ರೆ ಹಿಡಿಸುತ್ತದೆ. ಹಾಸ್ಯಗಾರ ಬಂದಾಗ ಮಾತ್ರ ಎಚ್ಚರಾಗುವವರಿಗೆ ಲಲಿತ ಪ್ರಬಂಧ ಕೊಡಿ. ಬಣ್ಣದ ವೇಷದ ಆರ್ಭಟಕ್ಕೆ ಕಾಯುವವರಿಗೆ ಶಿಕಾರಿ, ಕಾಡು, ಸಾಹಸ. ಇದಕ್ಕೆ ಶಾಸ್ತ್ರಾಧಾರ ಏನೂ ಇಲ್ಲ. ಆದರೆ ನನ್ನ ಕೈ ತಪ್ಪಿದ್ದು ಕಡಿಮೆ.

ಇನ್ನೊಂದು ಸಂಗತಿ. ಗ್ರಂಥಾಲಯದಲ್ಲಿ ವಾಪಸ್ ಬಂದ ಪುಸ್ತಕಗಳನ್ನು ಒಂದು ಮೇಜಿನ ಮೇಲೆ ಹಾಕಿರುತ್ತೇವೆ, ಕಪಾಟಿಗೆ ಜೋಡಿಸುವ ಮೊದಲು. ಸಾಲು ಸಾಲು ಕಪಾಟು ಬಿಟ್ಟು ಜನ ಮುತ್ತುವುದು ಆ ಮೇಜನ್ನೇ. ಒಂದು, ಅಲ್ಲಿ ಇಪ್ಪತ್ತೇ ಪುಸ್ತಕ ಇರುತ್ತವೆ, ತಲೆ ಕೆಡುವುದಿಲ್ಲ. ಎರಡು, ಯಾರೋ ಈಗಷ್ಟೇ ಓದಿದ್ದು ಅನ್ನುವ ಧೈರ್ಯ. ಮೂರು, ‘ಇದನ್ನ ಓದು’ ಅಂತ ಯಾರೂ ಕೈಗೆ ತುರುಕಿಲ್ಲ. ಈ ಮೂರನೆಯದು ದೊಡ್ಡದು. ನೀವು ಮರುದಿನವೇ ಚೀಲದಲ್ಲಿ ತಂದು ಕೈಗಿಟ್ಟರೆ ಪಾಪ ಅವರಿಗೆ ಅದು ಹೋಮ್‌ವರ್ಕ್. ಅದೂ ಟೀಚರ್ ಕೊಟ್ಟದ್ದು! ಒಂದು ತರುವ ಬದಲು ಮೂರು ತನ್ನಿ. ಸ್ಟಾಫ್ ರೂಮಿನ ಮೇಜಿನ ಮೇಲೆ ಇಡಿ. ಒಂದರಿಂದ ಎರಡು ಪುಟ ಓದಿ ಹೇಳಿ, ಕಥೆ ಬಿಸಿಯಾಗುವ ಹೊತ್ತಿಗೆ ನಿಲ್ಲಿಸಿ. ಅದ್ಭುತ, ಓದಲೇಬೇಕು, ಜೀವನ ಬದಲಾಗುತ್ತದೆ ಅಂತೆಲ್ಲ ಹೇಳಿದರೆ ಪುಸ್ತಕಕ್ಕೇ ಭಾರ. ಓದಿದವರಿಗೆ ಅಷ್ಟು ಅನ್ನಿಸದಿದ್ದರೆ ತಮ್ಮಲ್ಲೇ ಏನೋ ಕೊರತೆ ಅಂದುಕೊಂಡು ಸುಮ್ಮನಾಗುತ್ತಾರೆ. ಕೊಡುವಾಗ ಇಷ್ಟು ಹೇಳಿ ಸಾಕು: ‘ಮೂವತ್ತು ಪುಟ ನೋಡಿ, ಬೇಜಾರಾದ್ರೆ ಬಿಡಿ. ಓದದಿದ್ರೂ ಅಡ್ಡಿಲ್ಲ, ತಂದುಕೊಡಿ, ಬೇರೆ ಕೊಡ್ತೇನೆ.’ ಆಮೇಲೆ ‘ಓದಿದ್ರಾ?’ ಅಂತ ಕೇಳಲೇಬೇಡಿ.

ಕಾಲ ಕೂಡ ನೋಡಬೇಕು. ಅಡಿಕೆ ಕೊನೆ ಕೊಯ್ಲಿನ ದಿನಗಳಲ್ಲಿ ಶಿರಸಿ, ಸಿದ್ದಾಪುರದ ಕಡೆಯವರಿಗೆ ಪುಸ್ತಕ ಕೊಟ್ಟರೆ ಅದು ಅಡಿಕೆ ಚೀಲದ ಕೆಳಗೇ ಇರುತ್ತದೆ. ಮಾರಿಕಾಂಬಾ ಜಾತ್ರೆಯ ವಾರ ನಮ್ಮಲ್ಲಿ ನೊಣ ಹೊಡೆಯಲೂ ಜನ ಇರುತ್ತಿರಲಿಲ್ಲ. ಅದೇ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಬೈತಖೋಲದ ನಮ್ಮ ಹಿಮಾಲಯದವರು ಜಾಸ್ತಿ ಓದುತ್ತಿದ್ದದ್ದು ಆಗಲೇ. ನಿಮ್ಮ ಶಿಕ್ಷಕರಿಗೆ ಮಾರ್ಚಿನಲ್ಲಿ ದಪ್ಪ ಕಾದಂಬರಿ ಕೊಟ್ಟರೆ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ, ಅಲ್ವಾ?

ಈಗ ಅಣ್ಣನ ಮಗನ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕಾಮಿಕ್ಸ್ ಬಗ್ಗೆ ನಿಮ್ಮ ಅತ್ತಿಗೆಯವರ ಮಾತನ್ನೇ ನಾನೂ ಒಂದು ಕಾಲದಲ್ಲಿ ಆಡುತ್ತಿದ್ದೆ.

ಹೊಸದಾಗಿ ಕೆಲಸಕ್ಕೆ ಸೇರಿದಾಗ ಮಕ್ಕಳ ವಿಭಾಗ ನನಗೆ ಬಂತು. ಕಾಮಿಕ್ಸ್ ಪುಸ್ತಿಕೆಗಳು ತೆಳ್ಳಗೆ, ಪಿನ್ ಹೊಡೆದವು. ಬೇಗ ಹರಿಯುತ್ತವೆ. ನಾನು ಶಿಸ್ತಿನ ಮನುಷ್ಯ ನೋಡಿ, ಹನ್ನೆರಡನ್ನು ಸೇರಿಸಿ ಒಂದೊಂದು ಗಟ್ಟಿ ಬೈಂಡ್ ಮಾಡಿಸಿದೆ. ಕಪ್ಪು ರಟ್ಟು, ಬೆನ್ನಿಗೆ ಬಟ್ಟೆ, ಬಂಗಾರದ ಬಣ್ಣದ ನಂಬರು. ನೋಡಲು ಚೆಂದ. ಮಕ್ಕಳು ಮುಟ್ಟಲಿಲ್ಲ! ಯಾಕೆ ಅಂತ ನನಗೆ ತಿಳಿಯಲು ತಿಂಗಳು ಬೇಕಾಯಿತು. ಬೈಂಡಿನವನು ಅಂಚಿನಿಂದ ಬಿಗಿಯಾಗಿ ಹೊಲಿದಿದ್ದ. ಪ್ರತಿ ಪುಟದ ಒಳಬದಿಯ ಚಿತ್ರ ಹೊಲಿಗೆಯೊಳಗೆ ಹೋಗಿತ್ತು. ಮಾತಿನ ಗುಳ್ಳೆಗಳು ಅರ್ಧರ್ಧ. ರಾಜ ಏನೋ ಆಜ್ಞೆ ಮಾಡುತ್ತಿದ್ದಾನೆ, ಏನು ಅಂತ ಗೊತ್ತಿಲ್ಲ. ಮೇಲಿಂದ, ಮೊದಲು ಹನ್ನೆರಡು ಮಕ್ಕಳು ಹನ್ನೆರಡು ಪುಸ್ತಕ ಹಂಚಿಕೊಂಡು, ನೆಲದ ಮೇಲೆ ಹೊಟ್ಟೆ ಮೇಲೆ ಮಲಗಿ, ಒಂದಕ್ಕೆ ಮೂರು ತಲೆ ಸೇರಿಸಿ ಓದುತ್ತಿದ್ದರು. ಈಗ ಹನ್ನೆರಡೂ ಒಬ್ಬನ ಕೈಯಲ್ಲಿ. ಆ ರಟ್ಟಿನ ಪುಸ್ತಕ ಮಗುವಿನ ಕೈಗೆ ಭಾರ ಬೇರೆ. ‘ನೀ ಮುಗಿಸಿ ಕೊಡು, ನಾ ಇದ್ನ ಕೊಡ್ತೆ’ ಅನ್ನುವ ಅವರ ವ್ಯಾಪಾರವನ್ನೇ ನಾನು ಮುಚ್ಚಿಸಿಬಿಟ್ಟಿದ್ದೆ.

ಕಾಮಿಕ್ಸ್ ಓದುವುದು ಸುಲಭದ ಕೆಲಸ ಅಂತ ದೊಡ್ಡವರಿಗೆ ಅನ್ನಿಸುತ್ತದೆ. ಒಮ್ಮೆ ನೀವೇ ಕೂತು ನೋಡಿ. ಒಂದು ಚೌಕದಲ್ಲಿ ಹುಡುಗ ಮರದ ಮೇಲಿದ್ದಾನೆ. ಮುಂದಿನದರಲ್ಲಿ ಕಾಲಿಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲಿದ್ದಾನೆ. ಬಿದ್ದದ್ದನ್ನು ಯಾರೂ ಬರೆದಿಲ್ಲ, ಯಾರೂ ಚಿತ್ರಿಸಿಲ್ಲ. ಎರಡು ಚೌಕದ ನಡುವಿನ ಬಿಳಿ ಜಾಗದಲ್ಲಿ ಅದನ್ನು ನಡೆಸಿದ್ದು ಓದುವ ಹುಡುಗ. ಯಾವ ಗುಳ್ಳೆ ಮೊದಲು, ಯಾವುದು ಮಾತು, ಯಾವುದು ಮನಸ್ಸಿನೊಳಗಿನದು, ಯಾರು ಸಿಟ್ಟಾಗಿದ್ದಾರೆ, ಎಲ್ಲವನ್ನೂ ಲೆಕ್ಕ ಹಾಕುತ್ತಾ ಹೋಗಬೇಕು. ಇದು ಓದೇ. ಬೇರೆ ಥರದ ಓದು. ಕಾಮಿಕ್ಸಿನಲ್ಲಿ ಸಿಗದ್ದೂ ಇದೆ, ಅದನ್ನೂ ಒಪ್ಪಬೇಕು. ಉದ್ದ ವಾಕ್ಯದ ಜೊತೆ ತಾಳ್ಮೆಯಿಂದ ಹೋಗುವ ಅಭ್ಯಾಸ ಅದರಿಂದ ಬರುವುದಿಲ್ಲ.

ನಮ್ಮ ಕಡೆ ಓದು ಶುರುವಾಗಿದ್ದೇ ಚಿತ್ರಗಳಿಂದ. ನನ್ನ ವಯಸ್ಸಿನವರಿಗೆ ಚಂದಮಾಮ. ಅದು 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ 1949ರಲ್ಲಿ ಕನ್ನಡಕ್ಕೆ ಬಂತು. ಆಮೇಲಿನವರಿಗೆ ಬಾಲಮಂಗಳದ ಡಿಂಗ. ಅಮರ ಚಿತ್ರಕಥೆ ಶುರು ಮಾಡಿದ ಅನಂತ ಪೈ ನಮ್ಮ ಕರಾವಳಿಯವರೇ, ಕಾರ್ಕಳದಲ್ಲಿ ಹುಟ್ಟಿದವರು. 1967ರಲ್ಲಿ ದೂರದರ್ಶನದ ಕ್ವಿಜ್ ಒಂದರಲ್ಲಿ ಮಕ್ಕಳು ಗ್ರೀಕ್ ದೇವತೆಗಳ ಬಗ್ಗೆ ಪಟಪಟ ಉತ್ತರಿಸಿ, ರಾಮನ ತಾಯಿ ಯಾರು ಅಂತ ಹೇಳಲಾಗದೆ ನಿಂತದ್ದನ್ನು ನೋಡಿ ಅವರಿಗೆ ಆ ಯೋಚನೆ ಬಂತಂತೆ. ಆ ಮಾಲೆಯಲ್ಲಿ ಕೃಷ್ಣನ ಕಥೆಗೆ 11ನೇ ನಂಬರು. ಮೊದಲ ಹತ್ತು ಪಶ್ಚಿಮದ ಕಿನ್ನರ ಕಥೆಗಳು. ಪುರಾಣ ಹೇಳಲು ಚಿತ್ರ ಸಾಕು ಅಂತ ಒಪ್ಪಿದ ಮನೆಗಳಲ್ಲೇ ಉಳಿದ ಕಾಮಿಕ್ಸಿಗೆ ಬೈಗುಳ ಬೀಳುತ್ತಿತ್ತು ಅನ್ನುವುದು ಮಜಾ.

ಅತ್ತಿಗೆಯವರ ಹತ್ತಿರ ವಾದಕ್ಕೆ ಹೋಗಬೇಡಿ. ಒಂದು ಚಿಕ್ಕ ಪರೀಕ್ಷೆ ಮಾಡಿ. ಹುಡುಗನ ಪಕ್ಕ ಕೂತು, ಅವನ ಮೆಚ್ಚಿನ ಕಾಮಿಕ್ಸಿನ ಎರಡು ಪುಟವನ್ನು ಗಟ್ಟಿಯಾಗಿ ಓದಿಸಿ. ಸರಾಗ ಓದಿದರೆ ಚಿಂತೆ ಬಿಡಿ. ಅಕ್ಷರ ತಡವರಿಸಿದರೆ, ಸಾಲು ತಪ್ಪಿದರೆ, ಗುಳ್ಳೆಯಲ್ಲಿ ಇರುವುದನ್ನು ಬಿಟ್ಟು ಚಿತ್ರ ನೋಡಿ ಊಹಿಸಿ ಹೇಳಿದರೆ, ಆಗ ಕಾಮಿಕ್ಸಿಗೆ ಬೈಯುವುದರಲ್ಲಿ ಅರ್ಥವಿಲ್ಲ. ಮೊದಲು ಕಣ್ಣು ತೋರಿಸಿ. ಕಣ್ಣು ಸರಿ ಇದ್ದರೆ ಓದಿನ ತೊಂದರೆ ಬಲ್ಲ ವಿಶೇಷ ಶಿಕ್ಷಕರನ್ನು ಕಾಣಿ. ಇಂಗ್ಲಿಷ್ ಮೀಡಿಯಂ ಹುಡುಗನಾದರೆ ಇನ್ನೂ ಒಂದು ಸಾಧ್ಯತೆ ಇದೆ. ಕನ್ನಡ ಮಾತಾಡುವಷ್ಟು ವೇಗವಾಗಿ ಓದಲು ಬರುವುದಿಲ್ಲ. ಅಂಥವನಿಗೆ ನೂರು ಪುಟದ ಕನ್ನಡ ಪುಸ್ತಕ ಅಂದರೆ ಘಟ್ಟ ಹತ್ತಿದ ಹಾಗೆ. ಗುಳ್ಳೆಯಲ್ಲಿರುವ ಎಂಟು ಹತ್ತು ಪದ ಅವನ ಶಕ್ತಿಗೆ ತಕ್ಕದ್ದು.

ಎರಡನೆಯದು, ನೀವು ಕೊಡುವುದನ್ನು ಸ್ವಲ್ಪ ದಿನ ನಿಲ್ಲಿಸಿ. ‘ನನಗೊಂದು ಕೊಡೋ, ನಿನಗೆ ಅತೀ ಇಷ್ಟ ಆದದ್ದು’ ಅಂತ ಕೇಳಿ. ಅವನು ಕೊಟ್ಟದ್ದನ್ನು ನಿಜವಾಗಿ ಓದಿ. ಓದಿದ ಹಾಗೆ ನಟಿಸಿದರೆ ಎರಡು ಪ್ರಶ್ನೆಯಲ್ಲಿ ಹಿಡಿಯುತ್ತಾನೆ. ಇಷ್ಟ ಆಗದಿದ್ದರೆ ಆಗಲಿಲ್ಲ ಅನ್ನಿ, ಯಾಕೆ ಅಂತಲೂ ಹೇಳಿ. ಅವನು ವಾದ ಮಾಡಲಿ. ಪುಸ್ತಕ ಶಿಫಾರಸು ಮಾಡುವ ಹುಚ್ಚು ಅತ್ತೆಗೆ ಮಾತ್ರ ಇರಬೇಕಾ? ಅವನಿಗೂ ಅಂಟಲಿ. ಅಪಾಯ ಏನು ಅಂತ ಕೇಳಿದರೆ, ಅವನು ಎಸ್ಸೆಸ್ಸೆಲ್ಸಿವರೆಗೂ ಕಾಮಿಕ್ಸ್ ಬಿಡದೇ ಇರಬಹುದು. ಹಾಗೆ ಉಳಿದವರನ್ನು ನೋಡಿದ್ದೇನೆ. ಏನೂ ಆಗಿಲ್ಲ ಅವರಿಗೆ. ಕಾಮಿಕ್ಸ್ ಕಟ್ಟಿಟ್ಟ ಮೇಲೆ ಓದುವುದನ್ನೇ ಬಿಟ್ಟವರನ್ನು ಅದಕ್ಕಿಂತ ಜಾಸ್ತಿ ನೋಡಿದ್ದೇನೆ.

ಪಿಡಿಎಫ್ ವಿಷಯ ಬೇಗ ಮುಗಿಸುತ್ತೇನೆ. ಬೇಡ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ಬದುಕಿರುವವರೆಗೆ ಮತ್ತು ತೀರಿಕೊಂಡ ಮರುವರ್ಷದಿಂದ 60 ವರ್ಷದವರೆಗೆ ಹಕ್ಕು ಅವರದ್ದು, ಅವರ ವಾರಸುದಾರರದ್ದು. ದುಡ್ಡು ತೆಗೆದುಕೊಳ್ಳದೆ ಹಂಚಿದರೂ ತಪ್ಪು ತಪ್ಪೇ. ಕನ್ನಡದಲ್ಲಿ ಒಂದು ಮುದ್ರಣ ಅಂದರೆ ಸಾಮಾನ್ಯವಾಗಿ ಸಾವಿರ ಪ್ರತಿ, ಕೆಲವೊಮ್ಮೆ ಅದಕ್ಕೂ ಕಡಿಮೆ. ಸ್ಟಾಫ್ ರೂಮಿನ ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುತ್ತಾ ಹೋಗುತ್ತಾ ಆ ಸಾವಿರಕ್ಕೇ ಪೆಟ್ಟು ಬೀಳುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರಂಥವರ ಬರಹಗಳ ಹಕ್ಕಿನ ಅವಧಿ ಎಂದೋ ಮುಗಿದಿದೆ, ಅಂಥವನ್ನು ಧಾರಾಳವಾಗಿ ಹಂಚಿ. ಹೊಸ ಪುಸ್ತಕವಾದರೆ ಇಷ್ಟವಾದ ಒಂದೆರಡು ಸಾಲು, ನಿಮಗೆ ಅನ್ನಿಸಿದ್ದು, ಪುಸ್ತಕ ಸಿಗುವ ಜಾಗ, ಇಷ್ಟು ಬರೆದು ಕಳಿಸಿ. ಅದೂ ಅಲ್ಲದೆ ವಾಟ್ಸ್ಆ್ಯಪಿನಲ್ಲಿ ಬಂದ ಪಿಡಿಎಫ್ ಎಷ್ಟು ಜನ ತೆರೆದು ನೋಡುತ್ತಾರೆ, ನಿಮ್ಮ ಫೋನಿನಲ್ಲೇ ಎಣಿಸಿ.

ಈಗ ಬೀಗ. ಇಡೀ ಕಪಾಟಿಗೆ ಬೇಡ, ಒಂದು ಖಾನೆಗೆ ಹಾಕಿ. ಅಪ್ಪನ ಸಹಿ ಇರುವುದು, ಮರುಮುದ್ರಣ ಆಗದ್ದು, ನೀವು ಅಂಚಿನಲ್ಲಿ ಬರೆದುಕೊಂಡದ್ದು, ಇವು ಮನೆ ಬಿಟ್ಟು ಹೋಗುವುದು ಬೇಡ. ‘ಇದನ್ನ ಇಲ್ಲೇ ಕೂತು ಓದಿ, ಚಾ ಮಾಡ್ತೇನೆ’ ಅನ್ನಿ. ಗ್ರಂಥಾಲಯದಲ್ಲೂ ನಾವು ಪರಾಮರ್ಶನ ವಿಭಾಗದ ಪುಸ್ತಕ ಹೊರಗೆ ಕೊಡುವುದಿಲ್ಲ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಉಳಿದವನ್ನು ಕೊಡಿ, ಆದರೆ ಒಂದು ನೋಟ್‌ಬುಕ್ ಇಡಿ. ಅದರಲ್ಲಿ ಪುಸ್ತಕದ ಹೆಸರು, ತಾರೀಕು, ತಮ್ಮ ಹೆಸರನ್ನು ಅವರೇ ಅವರ ಕೈಯಾರೆ ಬರೆಯಬೇಕು. ನೀವು ಬರೆದುಕೊಂಡರೆ ಅದು ಸಾಲದ ಲೆಕ್ಕ. ಅವರು ಬರೆದರೆ ನೆನಪು. ಕೆಲವರಿಗೆ ಇದೇ ಅವಮಾನ ಅನ್ನಿಸಬಹುದು, ಅದರಲ್ಲೂ ನೆಂಟರಿಗೆ. ಅಂಥವರಿಗೆ ಹೋದರೆ ಹೋಗಲಿ ಅನ್ನುವ ಪುಸ್ತಕ ಮಾತ್ರ ಕೊಡಿ, ಕೊಟ್ಟು ಮರೆತುಬಿಡಿ.

ಮತ್ತೆ ಓದಲಾರೆ ಅನ್ನಿಸುವ ಪುಸ್ತಕಗಳನ್ನು ಹತ್ತಿರದ ಗ್ರಾಮ ಪಂಚಾಯ್ತಿ ಗ್ರಂಥಾಲಯಕ್ಕೆ ಕೊಡುವ ದಾರಿಯೂ ಇದೆ. ಈಗ ಅವನ್ನು ಅರಿವು ಕೇಂದ್ರ ಅನ್ನುತ್ತಾರೆ. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ. ಅಣ್ಣನ ಮಗನನ್ನೂ ಕರೆದುಕೊಂಡು ಹೋಗಿ. ಆದರೆ ದಾನ ಕೊಟ್ಟ ಮೇಲೆ ಅದು ಅವರ ಪುಸ್ತಕ. ಎಲ್ಲಿ ಇಟ್ಟರು, ಯಾಕೆ ತೆಗೆದರು ಅಂತ ಕೇಳಲು ಬರುವುದಿಲ್ಲ. ಬೇಕಾ ಅಂತ ಮೊದಲು ಕೇಳಿ, ಆಮೇಲೆ ಒಯ್ಯಿರಿ. ಮನೆ ಖಾಲಿ ಮಾಡುವವರು ತಂದು ಸುರಿದ ಹಳೇ ಗೈಡುಗಳ ರಾಶಿಯ ಮುಂದೆ ನಾನು ಎಷ್ಟೋ ಸಂಜೆ ಕಳೆದಿದ್ದೇನೆ.

ಬೂಷ್ಟಿನ ಬಗ್ಗೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ನಾಲ್ಕು ತಿಂಗಳಲ್ಲಿ. ಗಾಳಿಯ ತೇವ ಶೇ 65 ದಾಟಿ ಅಲ್ಲೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಇಲ್ಲಿ ಜೂನ್ ಬಂತೆಂದರೆ ಅದು ಕೆಳಗಿಳಿಯುವುದೇ ಇಲ್ಲ. ಹಳೇ ಮನೆಗಳಲ್ಲಿ ತಾಳೆಗರಿಯ ಕಟ್ಟನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದದ್ದು ಸುಮ್ಮನೆ ಅಲ್ಲ, ಬಿಸಿ ಮತ್ತು ಹೊಗೆ ತೇವ ತೆಗೆಯುತ್ತಿತ್ತು. ಗ್ಯಾಸ್ ಬಂದ ಮೇಲೆ ಆ ಉಪಾಯ ಹೋಯಿತು. ಹಸಿ ಬೇವಿನ ಸೊಪ್ಪು ಇಡಬೇಡಿ, ಅದೇ ತೇವ ತರುತ್ತದೆ. ಡಾಂಬರ್ ಗುಳಿಗೆ ಹುಳಕ್ಕೆ ಅಷ್ಟಿಷ್ಟು ಸರಿ, ಬೂಷ್ಟಿಗೆ ಏನೂ ಮಾಡುವುದಿಲ್ಲ. ತೇವ ಇರುವ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ನೀವೇ ಬೂಷ್ಟು ಬೆಳೆಸಿದ ಹಾಗೆ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ತನ್ನಿ. ಪುಸ್ತಕ ಒತ್ತೊತ್ತಾಗಿ ತುರುಕಬೇಡಿ. ಬೆಲೆಬಾಳುವುದನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಕೊಡಲೇಬೇಡಿ. ಬೂಷ್ಟು ಹಿಡಿದು ಬಂದದ್ದನ್ನು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಂಗಳದಲ್ಲಿ, ಒಣಗಿದ ಮೇಲೆ ಮೆತ್ತನೆ ಬ್ರಶ್ಶಿನಿಂದ ಒರೆಸಿ. ಹಸಿ ಇರುವಾಗ ಒರೆಸಿದರೆ ಕಾಗದದೊಳಗೆ ಇಳಿಯುತ್ತದೆ.

ಕೊನೆಗೆ ಅಪ್ಪನ ಪುಸ್ತಕ. ಅದನ್ನು ಕೇಳಿ, ಈ ವಾರವೇ. ‘ವಾಪಸ್ ಕೊಡಿ’ ಅಂದರೆ ಅವರಿಗೆ ಕಷ್ಟ, ಹೇಳಲು ನಿಮಗೂ ಕಷ್ಟ. ಫೋನ್ ಮಾಡಿ ಹೀಗೆ ಹೇಳಿ: ‘ಆ ಪುಸ್ತಕದ ಮೇಲೆ ಅಪ್ಪನ ಸಹಿ ಇದೆ, ಅದೊಂದು ನನ್ನ ಹತ್ತಿರ ಇರ್ಲಿ ಅನ್ಸಿದೆ. ಓದಿ ಆಗದಿದ್ರೆ ಪರ್ವಾಗಿಲ್ಲ, ಶನಿವಾರ ಆ ಕಡೆ ಬರ್ತೇನೆ, ತಗೊಂಡು ಹೋಗ್ತೇನೆ.’ ದಿನ ನೀವೇ ಹೇಳಬೇಕು, ಹೋಗಿ ತರುವ ಕೆಲಸವನ್ನೂ ನೀವೇ ಇಟ್ಟುಕೊಳ್ಳಬೇಕು. ಹೋಗುವಾಗ ಕೈಯಲ್ಲಿ ಇನ್ನೊಂದು ತೆಳ್ಳಗಿನ ಪುಸ್ತಕ ಇರಲಿ, ಅವರು ಕೇಳಿದರೆ ಮಾತ್ರ ಕೊಡಿ. ಪುಸ್ತಕ ಸಿಗಲಿಲ್ಲ ಅಂದರೆ ‘ಹುಡುಕಿ’ ಅಂತ ಒಂದೇ ಸಲ ಹೇಳಿ. ಎಷ್ಟೋ ಸಲ ಅದು ಅವರ ಕೈಯಿಂದ ಮೂರನೆಯವರಿಗೆ ಹೋಗಿರುತ್ತದೆ. ಯಾರಿಗೆ ಅಂತ ನೆನಪಾಗಲು ನಾಲ್ಕು ದಿನ ಬೇಕಾಗುತ್ತದೆ. ಸಿಕ್ಕಿದ ಮೇಲೆ ತೇವ ಅನ್ನಿಸಿದರೆ ಬಿಸಿಲಿಗೆ ಇಡಬೇಡಿ. ಫ್ಯಾನಿನ ಕೆಳಗೆ ನೆಟ್ಟಗೆ ನಿಲ್ಲಿಸಿ, ಅಂಟಿದ ಹಾಳೆಗಳನ್ನು ಎಳೆಯಬೇಡಿ. ಸಹಿ ಇರುವ ಪುಟದ ಫೋಟೋ ಮಾತ್ರ ಅವತ್ತೇ ತೆಗೆದಿಡಿ. ಶಾಯಿ ಪೆನ್ನಿನ ಬರಹವಾಗಿದ್ದರೆ ಇನ್ನೊಂದು ಸಲ ನೀರು ತಾಗಿದರೆ ಹರಡಿಹೋಗುತ್ತದೆ.